ಕೊಟ್ಟವರ ಹೆಸರಿದೆ, ಮಾಡಿದವರ ಹೆಸರೆಲ್ಲಿ?



ವಾರ್ಷಿಕೋತ್ಸವದ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡು ಅಂತ ನಮ್ಮ ಕಾರ್ಯದರ್ಶಿ ಅಣ್ಣ ಕೇಳಿದಾಗ, ಬಿ.ಎ. ಓದುತ್ತಿದ್ದೇನೆ ಎಂಬ ಧೈರ್ಯದ ಮೇಲೆ ಒಪ್ಪಿಕೊಂಡುಬಿಟ್ಟೆ. ನಮ್ಮ ನೀಲಗಿರಿಯ ಹಳೆಯ ಸಾಮಾನುಗಳು ಯಾವ ಯಾವ ಮ್ಯೂಸಿಯಂನಲ್ಲಿವೆ ಅಂತ ಬರೆಯೋಣ ಅಂದುಕೊಂಡೆ. ಲಂಡನ್ನಿಗೆ ಹೋಗಲು ನಮ್ಮ ಹತ್ತಿರ ಕಾಸಿಲ್ಲ. ಮದ್ರಾಸಿಗೆ ಹೋಗಿಬರಲೂ ಎರಡು ದಿನದ ಕೂಲಿ ಬಿಡಬೇಕು. ಆದರೆ ಕೈಯಲ್ಲಿ ಫೋನಿದೆ, ಈಗ ಎಷ್ಟೋ ಮ್ಯೂಸಿಯಂಗಳು ತಮ್ಮ ಸಂಗ್ರಹವನ್ನು ಇಂಟರ್ನೆಟ್ಟಿಗೆ ಹಾಕಿವೆ. ಕೂತಲ್ಲೇ ಹುಡುಕಬಹುದು.

ಒಂದು ಸಂಜೆ ಮಳೆ ಹಿಡಿದುಕೊಂಡಿತ್ತು. ಅಜ್ಜಿಯ ಪಕ್ಕ ಕೂತು, ಹೊರದೇಶದ ಒಂದು ದೊಡ್ಡ ಮ್ಯೂಸಿಯಂನ ಪುಟ ತೆರೆದು, ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡದಲ್ಲೇ 'ಕೂನೂರು' ಅಂತ ಹೊಡೆದೆ. ಏನೂ ಬರಲಿಲ್ಲ. 'ನೀಲಗಿರಿ' ಅಂತ ಹೊಡೆದೆ. ಅದಕ್ಕೂ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ನೀಲಗಿರಿ ಅಂತ ಹೊಡೆದಾಗ ಬಂತು ನೋಡಿ: ಬಟ್ಟಲು, ಮಡಕೆ, ಬಳೆ, ಬುಟ್ಟಿ. ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ಒಂದು ಬುಟ್ಟಿಯನ್ನು ತುಂಬಾ ಹೊತ್ತು ನೋಡಿದಳು. ಅವಳು ಚಾಮರಾಜನಗರದ ಕಡೆಯಿಂದ ಮದುವೆಯಾಗಿ ಬಂದವಳು, ಮೂವತ್ತು ವರ್ಷ ಬೆನ್ನ ಮೇಲೆ ಬುಟ್ಟಿ ಹೊತ್ತು ಟೀ ಎಲೆ ಕಿತ್ತವಳು. ಬುಟ್ಟಿಯ ವಿಷಯ ಅವಳಿಗೆ ಹೇಳಿಕೊಡಬೇಕಾಗಿಲ್ಲ.

"ಏನು ಬರೆದವ್ರೆ ಮಗಾ, ಓದು" ಅಂದಳು. ಓದಿ ಹೇಳಿದೆ. ವಸ್ತು, ಬುಟ್ಟಿ. ಯಾವುದರಿಂದ ಮಾಡಿದ್ದು, ಬಿದಿರು. ಊರು, ನೀಲಗಿರಿ. ಕೊಟ್ಟವರು, ಒಬ್ಬ ದೊರೆಯ ಹೆಸರು.

"ಕೊಟ್ಟೋರ ಹೆಸರು ಐತೆ. ಮಾಡ್ದೋರ ಹೆಸರೆಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಆ ಪ್ರಶ್ನೆಯನ್ನು ಹಿಡಿದುಕೊಂಡೇ ಹೊರಟಿದೆ.

ಸಾಮಾನುಗಳು ಹೋದ ದಾರಿ

ಊಟಿಯಲ್ಲಿ ಬ್ರೀಕ್ಸ್ ಹೆಸರಿನ ಶಾಲೆ ಇರುವುದು ನಿಮಗೆಲ್ಲ ಗೊತ್ತು. ಆ ಬ್ರೀಕ್ಸ್ ಯಾರು ಅಂತ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳುತ್ತಾರೋ ಕಾಣೆ. ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ನೀಲಗಿರಿಯ ಮೊದಲ ಕಮಿಷನರ್, 1868ರಲ್ಲಿ ಆ ಹುದ್ದೆಗೆ ಬಂದವರು. 1871ರಲ್ಲಿ ಕಲ್ಕತ್ತಾದ ಇಂಡಿಯನ್ ಮ್ಯೂಸಿಯಂ ಕಡೆಯಿಂದ ಒಂದು ಕೋರಿಕೆ ಬಂತು: ನಿಮ್ಮ ಬೆಟ್ಟದ ಜನರ ಆಯುಧ, ಒಡವೆ, ಬಟ್ಟೆ, ಪಾತ್ರೆ, ಬೇಸಾಯದ ಸಾಮಾನು ಇವನ್ನೆಲ್ಲ ಸಂಗ್ರಹಿಸಿ ಕಳಿಸಿ ಅಂತ. ಬ್ರೀಕ್ಸ್ ಅದನ್ನು ಮಾಡಿದರು. ಅದರ ಜೊತೆಗೆ ಬೆಟ್ಟಗಳ ಮೇಲಿದ್ದ ಹಳೇ ಕಾಲದ ಕಲ್ಲುಗುಪ್ಪೆ ಸಮಾಧಿಗಳನ್ನೂ ಅಗೆಸಿದರು. ಅಲ್ಲಿ ಕಂಚಿನ ಬಟ್ಟಲು, ಕಬ್ಬಿಣದ ಕತ್ತಿ, ಚಿನ್ನದ ಒಡವೆ, ಮುಚ್ಚಳದ ಮೇಲೆ ಎಮ್ಮೆ ಕುದುರೆಗಳ ಗೊಂಬೆ ಕೂರಿಸಿದ ಮಡಕೆಗಳು ಸಿಕ್ಕವು. ಕೆಲಸ ಮುಗಿಯುವ ಮೊದಲೇ, 1872ರಲ್ಲಿ ಅವರು ತೀರಿಕೊಂಡರು. ಅವರ ಹೆಂಡತಿ ಆ ಬರಹವನ್ನೆಲ್ಲ ಜೋಡಿಸಿ 1873ರಲ್ಲಿ ಪುಸ್ತಕವಾಗಿ ತಂದರು. ತೊದವರು, ಕೋತರು, ಕುರುಂಬರು, ಇರುಳರು, ಬಡಗರು ಅದರಲ್ಲಿದ್ದಾರೆ. ಪುಸ್ತಕದ ಹೆಸರಿನಲ್ಲೇ ಇವರನ್ನು 'ಪ್ರಿಮಿಟಿವ್' ಅಂತ ಕರೆದಿದೆ. ಅಂದರೆ ನಾಗರಿಕತೆ ಇನ್ನೂ ಮುಟ್ಟದ ಜನ ಅನ್ನೋ ಅರ್ಥದಲ್ಲಿ.

ಆ ವಸ್ತುಗಳಲ್ಲಿ ಒಂದು ಪಾಲು ಮದ್ರಾಸಿನ ಸರ್ಕಾರಿ ಮ್ಯೂಸಿಯಂಗೆ ಹೋಯಿತು. ಇನ್ನೊಂದು ಪಾಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿತು. ಮದ್ರಾಸ್ ಮ್ಯೂಸಿಯಂ 1851ರಲ್ಲಿ ಶುರುವಾದದ್ದು. ಅಲ್ಲಿನ ಹಳೇ ಕಾಲದ ವಸ್ತುಗಳಿಗೆ ರಾಬರ್ಟ್ ಬ್ರೂಸ್ ಫೂಟ್ ಒಂದು ಕ್ಯಾಟಲಾಗ್ ಮಾಡಿದರು, 1901ರಲ್ಲಿ ಅಚ್ಚಾಯಿತು. ನಂಬರು, ವಸ್ತು, ಸಿಕ್ಕಿದ ಜಾಗ ಅಂತ ಸಾಲುಸಾಲಾಗಿ ಬರೆದ ಪುಸ್ತಕ. ಈಗ ನಾವು ಫೋನಿನಲ್ಲಿ ಹುಡುಕುವ ಪುಟಕ್ಕೆ ತಾತ ಯಾರು ಅಂದರೆ ಇಂಥ ಕ್ಯಾಟಲಾಗೇ.

ಹುಡುಕುವ ಯಂತ್ರ ಹೇಗೆ ಹುಡುಕುತ್ತದೆ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಹುಡುಗರಲ್ಲಿ ಎಷ್ಟೋ ಜನ 'ಗೂಗಲ್‌ನಲ್ಲಿ ಇಲ್ಲ ಅಂದ್ರೆ ಇಲ್ಲವೇ ಇಲ್ಲ' ಅಂದುಕೊಂಡಿದ್ದಾರೆ. ಮೊದಲು ನಾನೂ ಹಂಗೇ ಅಂದುಕೊಂಡಿದ್ದೆ.

ಮ್ಯೂಸಿಯಂನಲ್ಲಿ ಪ್ರತಿ ವಸ್ತುವಿಗೂ ಒಂದು ನಂಬರು ಇರುತ್ತದೆ. ಆ ನಂಬರಿಗೆ ಒಂದು ದಾಖಲೆ. ದಾಖಲೆಯಲ್ಲಿ ಖಾನೆಗಳು: ವಸ್ತುವಿನ ಹೆಸರು, ಯಾವುದರಿಂದ ಮಾಡಿದ್ದು, ಎಲ್ಲಿಂದ ಬಂತು, ಕಾಲ, ಅಳತೆ, ಕೊಟ್ಟವರು, ಮಾಡಿದವರು, ಮ್ಯೂಸಿಯಂನವರ ಟಿಪ್ಪಣಿ. ಮೊದಲು ಇದೆಲ್ಲ ದಪ್ಪ ರಿಜಿಸ್ಟರಿನಲ್ಲಿತ್ತು, ಆಮೇಲೆ ಕಾರ್ಡುಗಳಿಗೆ ಬಂತು, ಆಮೇಲೆ ಕಂಪ್ಯೂಟರಿಗೆ.

ಕಂಪ್ಯೂಟರಿಗೆ ಬಂದ ಮೇಲೆ ಅದು ಎಲ್ಲ ದಾಖಲೆಗಳ ಪದಗಳನ್ನೂ ಆಯ್ದು ಒಂದು ಪದಸೂಚಿ ಮಾಡಿಟ್ಟುಕೊಳ್ಳುತ್ತದೆ. ನಮ್ಮ ಪಠ್ಯಪುಸ್ತಕದ ಕೊನೆಯಲ್ಲಿ 'ಅಶೋಕ, ಪುಟ 14, 37' ಅಂತ ಇರುತ್ತಲ್ಲ, ಅದೇ ಥರ. 'ಬುಟ್ಟಿ' ಅಂತ ನೀವು ಹೊಡೆದರೆ ಅದು ಲಕ್ಷಾಂತರ ದಾಖಲೆಗಳನ್ನು ಒಂದೊಂದಾಗಿ ಓದುವುದಿಲ್ಲ. ಪದಸೂಚಿಯಲ್ಲಿ ಆ ಪದದ ಮುಂದೆ ಯಾವ ಯಾವ ನಂಬರು ಇದೆಯೋ ಅದನ್ನು ಎತ್ತಿಕೊಡುತ್ತದೆ. ಅದಕ್ಕೇ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಒಂದೇ ವಸ್ತುವಿಗೆ ಹಲವು ಹೆಸರು ಇದ್ದರೆ, ಇದೂ ಅದೂ ಒಂದೇ ಅಂತ ಹೇಳಿಕೊಡುವ ಪದಕೋಶವನ್ನೂ ಕೆಲವು ಮ್ಯೂಸಿಯಂಗಳು ಜೋಡಿಸಿಟ್ಟಿರುತ್ತವೆ. ಅಂಥ ಪದಕೋಶ ಮಾಡುವುದೂ ಮನುಷ್ಯರೇ. ಯಾರೋ ಕೂತು ಬರೆದ ಹೆಸರುಗಳಷ್ಟೇ ಅದರಲ್ಲಿರುತ್ತವೆ.

ಗೂಗಲ್ ಥರದ ಯಂತ್ರದ ಕೆಲಸ ಇನ್ನೂ ಒಂದು ಹೆಜ್ಜೆ ಮುಂದಿನದು. ಅದರ ಪ್ರೋಗ್ರಾಂ ಒಂದು ಪುಟದ ಲಿಂಕಿನಿಂದ ಇನ್ನೊಂದು ಪುಟಕ್ಕೆ ಹೋಗುತ್ತಾ ಓದಿಕೊಂಡು ಬರುತ್ತದೆ. ಮ್ಯೂಸಿಯಂನ ದಾಖಲೆಗಳು ಹುಡುಕು ಪೆಟ್ಟಿಗೆಯ ಹಿಂದೆಯೇ ಬಚ್ಚಿಟ್ಟುಕೊಂಡಿದ್ದರೆ ಅದರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಈಗ ಮ್ಯೂಸಿಯಂಗಳು ಒಂದೊಂದು ವಸ್ತುವಿಗೂ ಬದಲಾಗದ ಒಂದು ವಿಳಾಸ ಕೊಡುತ್ತವೆ, ಮನೆಗೆ ಡೋರ್ ನಂಬರ್ ಇದ್ದ ಹಾಗೆ. ಎಲ್ಲ ವಿಳಾಸಗಳ ಪಟ್ಟಿಯನ್ನೂ ಗೂಗಲ್ಲಿಗೆ ಓದಲು ಇಡುತ್ತವೆ. ಆಗ ಮ್ಯೂಸಿಯಂನ ಹೆಸರೇ ಗೊತ್ತಿಲ್ಲದವರಿಗೂ ಆ ವಸ್ತು ಸಿಗುತ್ತದೆ.

ಬ್ರಿಟಿಷ್ ಮ್ಯೂಸಿಯಂ ತನ್ನ ಸಂಗ್ರಹವನ್ನು ಹೀಗೆ ಹುಡುಕಲು ಬಿಟ್ಟದ್ದು 2007ರಲ್ಲಿ. 2020ರ ಏಪ್ರಿಲ್‌ನಲ್ಲಿ, ನಾವೆಲ್ಲ ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತಿದ್ದಾಗ, ಅದನ್ನು ಹೊಸದಾಗಿ ಕಟ್ಟಿ ತೆರೆದರು. ಆಗ ಅದರಲ್ಲಿ ಸುಮಾರು 19 ಲಕ್ಷ ಚಿತ್ರಗಳಿದ್ದವು. ಮಾರಾಟಕ್ಕಲ್ಲದ ಕೆಲಸಕ್ಕೆ, ಎಲ್ಲಿಂದ ತೆಗೆದದ್ದು ಅಂತ ಹೇಳಿ, ಆ ಚಿತ್ರಗಳನ್ನು ದುಡ್ಡು ಕೊಡದೆ ಬಳಸಬಹುದು. ಅಮೆರಿಕದ ಮೆಟ್ರೋಪಾಲಿಟನ್ ಮ್ಯೂಸಿಯಂ 2017ರಲ್ಲಿ ಮೂರು ಮುಕ್ಕಾಲು ಲಕ್ಷ ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟಿತು. ನಮ್ಮ ದೇಶದಲ್ಲಿ ಪುಣೆಯ ಸಿ-ಡ್ಯಾಕ್ 'ಜತನ್' ಅನ್ನೋ ಸಾಫ್ಟ್‌ವೇರ್ ಮಾಡಿತು. ದೆಹಲಿಯ ನ್ಯಾಷನಲ್ ಮ್ಯೂಸಿಯಂ, ಕಲ್ಕತ್ತಾದ ಇಂಡಿಯನ್ ಮ್ಯೂಸಿಯಂ, ಹೈದರಾಬಾದಿನ ಸಾಲಾರ್ ಜಂಗ್ ಮೊದಲಾದವುಗಳ ವಸ್ತುಗಳನ್ನು ಅದರ ಮೂಲಕ ಒಂದೇ ಜಾಗದಲ್ಲಿ ಹುಡುಕುವಂತೆ ಮಾಡಿದ್ದಾರೆ.

ಒಳ್ಳೆಯದೇ. ನೂರೈವತ್ತು ವರ್ಷ ಬೀರುವಿನೊಳಗಿದ್ದ ವಸ್ತು ನಮ್ಮ ಅಜ್ಜಿಯ ಅಂಗೈಗೆ ಬಂತಲ್ಲ, ಅದು ಸಣ್ಣ ಮಾತಲ್ಲ. ಆದರೆ ಒಂದು ವಿಷಯ ನೆನಪಿಡಿ. ದಾಖಲೆಯಲ್ಲಿ ಏನು ಬರೆದಿದೆಯೋ ಅದನ್ನು ಮಾತ್ರ ಯಂತ್ರ ಹುಡುಕಬಲ್ಲದು. ಖಾಲಿ ಖಾನೆಯನ್ನು ಅದು ತುಂಬಿಸಿಕೊಡುವುದಿಲ್ಲ.

ಹೆಸರಿನ ತಾಪತ್ರಯ

ನಮ್ಮ ಊರಿನ ಹೆಸರನ್ನೇ ತಗೊಳ್ಳಿ. ನಾವು ಕೂನೂರು ಅಂತೀವಿ, ಕುನ್ನೂರು ಅಂತಲೂ ಬರೀತೀವಿ. ಯಂತ್ರಕ್ಕೆ ಇವೆರಡೂ ಬೇರೆ ಬೇರೆ ಪದ. ಊಟಿ ಮೊದಲಿಗೆ ಇಂಗ್ಲಿಷಿನವರ ಬರಹದಲ್ಲಿ 'ವೊಟೊಕಿಮಂಡ್' ಆಗಿತ್ತು, ಆಮೇಲೆ ಊಟಕಮಂಡ್ ಆಯಿತು, ಈಗ ಉದಗಮಂಡಲಂ. ನೀಲಗಿರಿಯನ್ನು ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ 'ನೀಲ್‌ಘೆರ್ರಿ' ಅಂತ ಬರೆಯುತ್ತಿದ್ದರು: ಎನ್, ಇ, ಐ, ಎಲ್, ಜಿ, ಎಚ್, ಇ, ಆರ್, ಆರ್, ವೈ. ಬಡಗರನ್ನು 'ಬರ್ಗರ್ಸ್' ಅಂದಿದ್ದಾರೆ. ತೊದವರನ್ನು 'ತುಡ' ಅಂತಲೂ 'ಟೋಡರ್ಸ್' ಅಂತಲೂ ಬರೆದವರಿದ್ದಾರೆ. ಇಂಟರ್ನೆಟ್ಟಿನಲ್ಲಿ ಸ್ಕ್ಯಾನ್ ಮಾಡಿ ಹಾಕಿರುವ ಹಳೆಯ ಪುಸ್ತಕಗಳಲ್ಲಿ ಏನಾದರೂ ಬೇಕಾದರೆ ಅವರು ತಪ್ಪಾಗಿ ಬರೆದದ್ದನ್ನು ನಾವೂ ತಪ್ಪಾಗಿಯೇ ಹೊಡೆಯಬೇಕು! ನಿಮ್ಮಲ್ಲಿ ಯಾರಾದರೂ ಹುಡುಕುವುದಾದರೆ ಈ ಕಾಗುಣಿತಗಳನ್ನು ಬರೆದಿಟ್ಟುಕೊಳ್ಳಿ, ಸಮಯ ಉಳಿಯುತ್ತದೆ.

ಊರಿನ ಹೆಸರು ತಪ್ಪಾದರೆ ನಕ್ಕು ಸುಮ್ಮನಾಗಬಹುದು. ಜನರ ಹೆಸರಿನ ಕತೆ ಹಾಗಲ್ಲ.

ಈಗ ಹೇಳಬೇಕಾದ ಮಾತು ನಮ್ಮದು. ಬ್ರೀಕ್ಸ್ ಸಂಗ್ರಹಿಸಿದ ಬಟ್ಟಲು, ಬುಟ್ಟಿ ನಮ್ಮ ಹಿರಿಯರದ್ದು ಅಂತ ನಾನು ಹೇಳುತ್ತಿಲ್ಲ. ಅವು ಈ ಬೆಟ್ಟದ ಮೂಲಜನರವು. ನಮ್ಮಲ್ಲಿ ಹೆಚ್ಚಿನವರ ತಾತ ಮುತ್ತಾತಂದಿರು ಮೈಸೂರು ಕಡೆಯಿಂದ, ಕೊಯಮತ್ತೂರು ಕಡೆಯಿಂದ ತೋಟದ ಕೆಲಸಕ್ಕೆ, ರಸ್ತೆ ಕೆಲಸಕ್ಕೆ, ದಂಡಿನ ಕೆಲಸಕ್ಕೆ, ಬೀದಿ ಗುಡಿಸುವ ಕೆಲಸಕ್ಕೆ ಬೆಟ್ಟ ಹತ್ತಿದವರು. 1899ರಲ್ಲಿ ರೈಲು ಕೂನೂರಿಗೆ ಬಂತು ಅಂತ ಎಲ್ಲ ಪುಸ್ತಕದಲ್ಲೂ ಇದೆ. ಕಲ್ಲು ಹೊತ್ತವರ ಹೆಸರು ಯಾವ ಫಲಕದಲ್ಲೂ ನಾನು ಓದಿಲ್ಲ.

ಹಾಗಾದರೆ ಮ್ಯೂಸಿಯಂನ ಕಾಗದಗಳಲ್ಲಿ ನಾವು ಇಲ್ಲವೇ? ಇದ್ದೇವೆ. ಹೇಗಿದ್ದೇವೆ ಅಂತ ಕೇಳಿ. ಮದ್ರಾಸ್ ಮ್ಯೂಸಿಯಂಗೆ 1885ರಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಎಡ್ಗರ್ ಥರ್ಸ್ಟನ್ ಅನ್ನುವವರು ಮುಖ್ಯಸ್ಥರಾಗಿದ್ದರು. ಜನರ ತಲೆ, ಮೂಗು, ಎತ್ತರ ಅಳೆದು ಜಾತಿಗಳನ್ನು ವಿಂಗಡಿಸಬಹುದು ಅಂತ ಆ ಕಾಲದಲ್ಲಿ ನಂಬಿದ್ದವರಲ್ಲಿ ಅವರೊಬ್ಬರು. 1896ರಲ್ಲಿ ಮ್ಯೂಸಿಯಂ ಪ್ರಕಟಿಸಿದ ಅವರ ಒಂದು ಬುಲೆಟಿನ್‌ನಲ್ಲಿ ನೀಲಗಿರಿಯ ತೊದವರು, ಕೋತರ ಜೊತೆಗೆ ಮದ್ರಾಸ್ ನಗರದ ಬ್ರಾಹ್ಮಣರು, ಕಮ್ಮಾಳರು, ಪಳ್ಳಿಗಳು, ಪರಯರು ಇದ್ದಾರೆ. ಅಳತೆಯ ಪಟ್ಟಿಯಾಗಿ ಇದ್ದಾರೆ. ತಲೆಯ ಉದ್ದ ಇಷ್ಟು, ಮೂಗಿನ ಅಗಲ ಇಷ್ಟು. ಆಮೇಲೆ 1909ರಲ್ಲಿ ಕೆ. ರಂಗಾಚಾರಿ ಅವರ ನೆರವಿನಿಂದ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ತಂದರು. ಜಾತಿಯ ಹೆಸರುಗಳು ಅಕ್ಷರಮಾಲೆಯ ಸಾಲಿನಲ್ಲಿ. ಹೊಲೆಯರು ಎರಡನೇ ಸಂಪುಟದಲ್ಲಿ, ಪರಯರು ಆರನೆಯದರಲ್ಲಿ.

ಆ ಏಳೂ ಸಂಪುಟಗಳು ಈಗ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ, ಒಂದೊಂದು ಪದವನ್ನೂ ಹುಡುಕಬಹುದು. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಜನರ ಇತಿಹಾಸ ಏನು ಅಂತ ತಿಳಿಯಲು ಜಾತಿಯ ಹೆಸರು ಹೊಡೆದರೆ ಅವಳಿಗೆ ಏನು ಸಿಗಬಹುದು ಯೋಚಿಸಿ. ನೂರು ವರ್ಷಕ್ಕೂ ಹಿಂದೆ ಒಬ್ಬ ಅಧಿಕಾರಿ ಬರೆದದ್ದು. ಅದನ್ನು ಓದಬಾರದು ಅಂತ ನಾನು ಹೇಳಲ್ಲ. ನಾನೂ ಓದಿದ್ದೇನೆ, ಉಪಯೋಗದ ವಿಷಯಗಳೂ ಅದರಲ್ಲಿವೆ. ಆದರೆ ಅದರ ಪಕ್ಕದಲ್ಲಿ ಇಡಲು ನಮ್ಮ ಕೈಯಲ್ಲಿ ಬರೆದದ್ದು ಏನಿದೆ?

ಅಡುಗೆಮನೆಯಿಂದ ಬಂದ ಓಲೆಗರಿ

ಇಲ್ಲಿ ನಮ್ಮ ಬೆಟ್ಟದವರೇ ಎನ್ನಬಹುದಾದ ಒಬ್ಬ ಹಿರಿಯರನ್ನು ನೆನೆಯಬೇಕು. ಪಂಡಿತ ಅಯೋತಿದಾಸರು, 1845ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ನೀಲಗಿರಿಗೆ ಬಂದು ಇಲ್ಲೇ ಬೆಳೆದರು. 1891ರ ಡಿಸೆಂಬರ್‌ನಲ್ಲಿ ಅವರ ದ್ರಾವಿಡ ಮಹಾಜನ ಸಭೆಯ ಮೊದಲ ಸಮ್ಮೇಳನ ಊಟಿಯಲ್ಲೇ ನಡೆಯಿತು. 1907ರಲ್ಲಿ ಮದ್ರಾಸಿನಲ್ಲಿ 'ಒರು ಪೈಸಾ ತಮಿಳನ್' ಪತ್ರಿಕೆ ಶುರು ಮಾಡಿದರು. ಹೆಸರೇ ಹೇಳುವ ಹಾಗೆ ಒಂದು ಕಾಸಿನ ಪತ್ರಿಕೆ.

ಅವರು ಬರೆದಿಟ್ಟ ಒಂದು ವಿಷಯ ಕೇಳಿ. ಅವರ ತಾತ ಕಂದಪ್ಪನ್ ಒಬ್ಬ ಇಂಗ್ಲಿಷ್ ದೊರೆಯ ಮನೆಯಲ್ಲಿ ಬಟ್ಲರ್. ಅವರ ಮನೆಯಲ್ಲಿ ತಿರುಕ್ಕುರಳ್ ಗ್ರಂಥದ ಓಲೆಗರಿ ಇತ್ತು. ಅದನ್ನು ಅವರು ತಮ್ಮ ದೊರೆಯ ಮೂಲಕ ಎಲ್ಲಿಸ್ ಎಂಬ ಅಧಿಕಾರಿಗೆ ಕೊಟ್ಟರು. ಮದ್ರಾಸಿನಲ್ಲಿ ತಮಿಳು ಓದುತ್ತಿದ್ದ, ಓಲೆಗರಿ ಹುಡುಕುತ್ತಿದ್ದ ವಿದ್ವಾಂಸ ಎಲ್ಲಿಸ್. ಅವರ ಹೆಸರು ಎಲ್ಲ ಪುಸ್ತಕದಲ್ಲೂ ಇದೆ. ಓಲೆಯನ್ನು ಜೋಪಾನ ಮಾಡಿದ ಅಡುಗೆಮನೆಯ ಮನುಷ್ಯನ ಹೆಸರು ನಮಗೆ ಯಾಕೆ ಗೊತ್ತು? ಮೊಮ್ಮಗ ಬರೆದಿಟ್ಟದ್ದಕ್ಕೆ. ತಾನೇ ಪತ್ರಿಕೆ ಮಾಡಿ, ತಾನೇ ಬರೆದದ್ದಕ್ಕೆ. ಆತ ಬರೆಯದೇ ಹೋಗಿದ್ದರೆ ಇವತ್ತಿನ ಯಾವ ಯಂತ್ರವೂ ಕಂದಪ್ಪನ್ ಅನ್ನೋ ಹೆಸರನ್ನು ಹುಡುಕಿಕೊಡುತ್ತಿರಲಿಲ್ಲ.

ಅಜ್ಜಿಯ ಪ್ರಶ್ನೆಗೆ ಈಗ ಅರ್ಧ ಉತ್ತರ ಸಿಕ್ಕಿತು ಅನ್ನಿಸುತ್ತದೆ. ಸಮಾಧಿಯಲ್ಲಿ ಸಿಕ್ಕ ಸಾವಿರಾರು ವರ್ಷದ ಬಟ್ಟಲನ್ನು ಮಾಡಿದವರ ಹೆಸರು ಯಾರಿಗೂ ಗೊತ್ತಾಗುವ ದಾರಿ ಇಲ್ಲ, ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಆದರೆ ಆ ಬುಟ್ಟಿ? ಅದನ್ನು ತಗೊಂಡ ದಿನ ನೇಯ್ದವರೋ ನೇಯ್ದವರ ಮನೆಯವರೋ ಎದುರಿಗೇ ಇದ್ದಿರಬೇಕು. 'ನಿನ್ನ ಹೆಸರೇನಮ್ಮ' ಅಂತ ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಕೇಳಲಿಲ್ಲ, ಅದಕ್ಕೆ ಖಾನೆ ಖಾಲಿ.

ದಾಖಲೆ ತಿದ್ದಬಹುದೇ?

ತಿದ್ದಬಹುದು. ಬೇರೆ ಕಡೆ ತಿದ್ದುತ್ತಿದ್ದಾರೆ. ನೆದರ್‌ಲ್ಯಾಂಡ್ಸ್‌ನ ರೈಕ್ಸ್ ಮ್ಯೂಸಿಯಂ 2015ರಲ್ಲಿ ತನ್ನ ದಾಖಲೆಗಳಲ್ಲಿದ್ದ, ಕರಿಯರನ್ನೂ ಬೇರೆ ಜನರನ್ನೂ ಕೀಳಾಗಿ ಕರೆಯುವ ಪದಗಳನ್ನು ಬದಲಿಸುವ ಕೆಲಸ ಹಿಡಿಯಿತು. ಆಸ್ಟ್ರೇಲಿಯಾದ ಟೆನೆಂಟ್ ಕ್ರೀಕ್ ಎಂಬ ಊರಿನ ವಾರುಮುಂಗು ಮೂಲಜನರ ಜೊತೆ ಕೂತು 'ಮುಕುರ್ತು' ಅನ್ನೋ ಒಂದು ವ್ಯವಸ್ಥೆ ಕಟ್ಟಿದರು. ಯಾವ ಫೋಟೋವನ್ನು ಎಲ್ಲರೂ ನೋಡಬಹುದು, ಯಾವುದನ್ನು ಮನೆಯವರು ಮಾತ್ರ ನೋಡಬೇಕು, ತೀರಿಹೋದವರ ಚಿತ್ರವನ್ನು ತೋರಿಸಬಹುದೋ ಬೇಡವೋ ಇದನ್ನೆಲ್ಲ ಆ ಜನರೇ ತೀರ್ಮಾನಿಸುತ್ತಾರೆ. ಈಗ ಬೇರೆ ದೇಶಗಳ ಮೂಲಜನರೂ ಅದನ್ನು ಬಳಸುತ್ತಿದ್ದಾರೆ. ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದೇ ದೊಡ್ಡದು ಅಂತ ಮೊದಲು ಅಂದುಕೊಂಡಿದ್ದೆ. ಯಾರ ವಸ್ತುವೋ ಅವರನ್ನು ಕೇಳಿ ತೆರೆದಿಡುವುದು ಅದಕ್ಕಿಂತ ದೊಡ್ಡದು ಅಂತ ಇದನ್ನು ಓದಿದ ಮೇಲೆ ತಿಳಿಯಿತು.

ಹಂಗಾದರೆ ನಾವೇನು ಮಾಡೋಣ?

ಸಂಘದ ಮುಂದೆ ನನ್ನದೊಂದು ಸಣ್ಣ ಕೋರಿಕೆ ಇದೆ. ಕಟ್ಟಡ ಬೇಡ, ಗಾಜಿನ ಬೀರು ಬೇಡ. ಒಂದು ದಪ್ಪ ರಿಜಿಸ್ಟರು, ಒಂದು ಫೋನು, ಭಾನುವಾರಕ್ಕೆ ಎರಡು ಗಂಟೆ. ಮನೆ ಮನೆಗೆ ಹೋಗಿ, ಮನೆಯವರು ಒಪ್ಪಿದರೆ, ಅಟ್ಟದ ಮೇಲೆ ಇರುವ ತಮಟೆ, ಎಲೆ ಕೀಳುವ ಹಳೇ ಬುಟ್ಟಿ, ತೋಟದ ಹಾಜರಿ ಚೀಟಿ, ಮದುವೆ ಫೋಟೋ ಇವುಗಳ ಚಿತ್ರ ತೆಗೆಯೋಣ. ಒಂದೊಂದಕ್ಕೂ ನಂಬರು ಕೊಡೋಣ. ಮ್ಯೂಸಿಯಂನವರ ಹಾಗೆಯೇ ಖಾನೆ ಹಾಕೋಣ, ಆದರೆ ನಮ್ಮ ಮೊದಲ ಖಾನೆ 'ಮಾಡಿದವರು', ಎರಡನೆಯದು 'ಬಳಸಿದವರು'. ಹೆಸರನ್ನು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಬರೆಯೋಣ. ಕೂನೂರು, ಕುನ್ನೂರು ಎರಡನ್ನೂ ಹಾಕೋಣ. ಯಾರಿಗೆ ತೋರಿಸಬಹುದು ಅಂತ ಮನೆಯವರನ್ನೇ ಕೇಳಿ ಅದಕ್ಕೂ ಒಂದು ಖಾನೆ ಇಡೋಣ.

ಇನ್ನೊಂದು ಮಾತು, ಡಿ.ಟಿ.ಪಿ. ಮಾಡುವ ಗೆಳೆಯರಿಗೆ. ಹಳೇ ನುಡಿ ಫಾಂಟಿನಲ್ಲಿ ಹೊಡೆದದ್ದು ನಮ್ಮ ಕಣ್ಣಿಗೆ ಕನ್ನಡ, ಯಂತ್ರದ ಲೆಕ್ಕಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದನ್ನು ಹಾಗೆಯೇ ಇಂಟರ್ನೆಟ್ಟಿಗೆ ಹಾಕಿದರೆ ಕನ್ನಡದಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಹೊಡೆದರೆ ಸಿಗುತ್ತದೆ. ಈ ಸಂಚಿಕೆಯನ್ನು ಯೂನಿಕೋಡ್‌ನಲ್ಲೇ ಮಾಡಿ, ಒಂದು ಪ್ರತಿಯನ್ನು ಇಂಟರ್ನೆಟ್ಟಿನಲ್ಲೂ ಇಡೋಣ ಅಂತ ಕಮಿಟಿಯವರನ್ನು ಕೇಳಿಕೊಂಡಿದ್ದೇನೆ. ಇದರಲ್ಲಿ ನಮ್ಮ ಎಷ್ಟೋ ಜನರ ಹೆಸರಿದೆ. ಮುಂದೆ ನಮ್ಮ ಮೊಮ್ಮಕ್ಕಳು ಹುಡುಕಿದಾಗ ಥರ್ಸ್ಟನ್ ಸಂಪುಟದ ಪಕ್ಕದಲ್ಲಿ ಇದೂ ಬರಲಿ.

ರಿಜಿಸ್ಟರು ನಾನು ಆಗಲೇ ತಂದಿದ್ದೇನೆ. ಮೊದಲ ಪುಟದಲ್ಲಿ ಒಂದನೇ ನಂಬರು ಬರೆದಾಗಿದೆ. ವಸ್ತು: ಟೀ ಎಲೆ ಕೀಳುವ ಬುಟ್ಟಿ. ಬಳಸಿದವರು: ನಮ್ಮಜ್ಜಿ. ಮಾಡಿದವರು ಯಾರು ಅಂತ ಕೇಳಿದೆ. ಲೈನ್ ಮನೆಯ ಕೊನೇ ಸಾಲಿನಲ್ಲಿದ್ದ ಒಬ್ಬರು ನೇಯ್ದು ಕೊಟ್ಟಿದ್ದರಂತೆ. ಹೆಸರು ನಾಲಿಗೆ ತುದೀಲಿ ಐತೆ, ಬರ್ತಾ ಇಲ್ಲ ಅಂದಳು. ಮಾರನೇ ದಿನ ಬೆಳಗಿನ ಜಾವ ನನ್ನನ್ನು ಎಬ್ಬಿಸಿ ಹೆಸರು ಹೇಳಿ, "ಬರ್ಕೋ, ಇನ್ನೊಂದ್ಸಲ ಮರೆತೋಯ್ತದೆ" ಅಂದಳು. ಬರೆದುಕೊಂಡೆ.

ಎರಡನೇ ನಂಬರಿಗೆ ನಿಮ್ಮ ಮನೆಗೆ ಬರುತ್ತೇನೆ. ಹಿರಿಯರು ಮನೆಯಲ್ಲಿರುವ ಹೊತ್ತು ಯಾವುದು ಅಂತ ಒಂದು ಮಾತು ಹೇಳಿಟ್ಟಿರಿ.